ಇಲ್ಲೇ ಹತ್ತಿರದಲ್ಲಿ

“ಮಗ ಎಲ್ಲಿ ಓದ್ತಾ ಇದಾನೆ?”

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ಹಬ್ಬದೂಟದ ಸಾಲಿನಲ್ಲಿ ಕೇಳಿಬರುವ ಪ್ರಶ್ನೆಗಳ ಪೈಕಿ ಇದಕ್ಕೆ ಮೊದಲ ಸ್ಥಾನ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಪಟ್ಟಣದಲ್ಲಿ 2022ರ ಯುಗಾದಿ ಸಮಾರಂಭದ ದಿನ ಒಬ್ಬ ತಾಯಿ ಇದನ್ನು ಮೂರು ಸಲ ಎದುರಿಸಬೇಕಾಯಿತು. ಒಮ್ಮೆ ಹೋಳಿಗೆಯ ತಟ್ಟೆಯ ಮುಂದೆ, ಒಮ್ಮೆ ಚಿತ್ರಾನ್ನದ ಪಾತ್ರೆಯ ಮುಂದೆ, ಇನ್ನೊಮ್ಮೆ ಕೈ ತೊಳೆಯುವಾಗ. ಮೂರು ಸಲವೂ ಆಕೆಯ ಉತ್ತರ ಒಂದೇ: “ಇಲ್ಲೇ ಹತ್ತಿರದಲ್ಲಿ.”

ಈ ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೆ ಫ್ರೀಮಾಂಟಿಗೆ ಸ್ಟ್ಯಾನ್‌ಫರ್ಡೂ ಹತ್ತಿರವೇ, ಬರ್ಕ್ಲಿಯೂ ಹತ್ತಿರವೇ. ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿರಿ’ ಭಾಗದಂತೆ ಅದೊಂದು ಖಾಲಿ ಜಾಗ. ಕೇಳಿದವರು ತಮಗೆ ತೋಚಿದ ಹೆಸರನ್ನು ತುಂಬಿಕೊಳ್ಳಲಿ ಎಂದು ಆ ತಾಯಿ ಬಿಟ್ಟಿದ್ದರು. ಹುಡುಗ ಓದುತ್ತಿದ್ದುದು ಮನೆಯಿಂದ ಹತ್ತು ನಿಮಿಷದ ದಾರಿಯ ಕಮ್ಯುನಿಟಿ ಕಾಲೇಜಿನಲ್ಲಿ. ಆ ಹೆಸರನ್ನು ಹೋಳಿಗೆಯ ಮುಂದೆ ಹೇಳುವ ಧೈರ್ಯ ಆಕೆಗೆ ಬಂದಿರಲಿಲ್ಲ.

ಕಮ್ಯುನಿಟಿ ಕಾಲೇಜು ಎಂದರೆ ಎಲ್ಲರಿಗೂ ಬಾಗಿಲು ತೆರೆದಿಟ್ಟ ಎರಡು ವರ್ಷದ ಕಾಲೇಜು. ಅಂಕ ಎಷ್ಟೆಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ನರ್ಸಿಂಗ್ ಕಲಿಯಲು ಬಂದವರು, ಕಾರು ರಿಪೇರಿ ಕಲಿಯಲು ಬಂದವರು, ಕೆಲಸ ಕಳೆದುಕೊಂಡು ಐವತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುವವರು, ಹದಿನೆಂಟರ ಹುಡುಗರು, ಎಲ್ಲರಿಗೂ ಒಂದೇ ಸೂರು. ಅಮೆರಿಕದಲ್ಲಿ ಇಂಥ ಸಾರ್ವಜನಿಕ ಕಾಲೇಜುಗಳ ಮೊದಲನೆಯದೆಂದು ಹೆಸರಾದದ್ದು ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನದು, 1901ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ 1960ರಲ್ಲಿ ಇದನ್ನು ಒಂದು ದೊಡ್ಡ ಯೋಜನೆಯಾಗಿ ಕಟ್ಟಿತು. ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಮುಖ್ಯ ಶಿಲ್ಪಿ. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ವಿಶ್ವವಿದ್ಯಾನಿಲಯಗಳು, ಮಿಕ್ಕ ಯಾರೇ ಬಂದರೂ ಅವರಿಗೆ ಕಮ್ಯುನಿಟಿ ಕಾಲೇಜು. ಹೀಗೆ ಮೂರು ಅಂತಸ್ತಿನ ಮನೆ ಕಟ್ಟಿದವರು ಒಂದು ಒಳ್ಳೆಯ ಕೆಲಸ ಮಾಡಿದರು. ಕೆಳಗಿನಿಂದ ಮೇಲಕ್ಕೆ ಮೆಟ್ಟಿಲನ್ನೂ ಇಟ್ಟರು. ಕೆಳಗೆ ಎರಡು ವರ್ಷ ಚೆನ್ನಾಗಿ ಓದಿದರೆ ಮೇಲಿನ ಅಂತಸ್ತಿನ ಮೂರನೇ ವರ್ಷಕ್ಕೆ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ‘ಲ್ಯಾಟರಲ್ ಎಂಟ್ರಿ’ಯಲ್ಲಿ ಸೇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಅಲ್ಲಿ ಇದಕ್ಕೆ ‘ಟ್ರಾನ್ಸ್‌ಫರ್’ ಎನ್ನುತ್ತಾರೆ.

ಈಗ ಆ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಪಾಠಗಳನ್ನು ‘ಯೂನಿಟ್’ ಲೆಕ್ಕದಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕ. ಮೇಲೆ ಹೋಗಲು ಬೇಕಾದ 60 ಯೂನಿಟ್ಟಿಗೆ ಒಟ್ಟು 2,760 ಡಾಲರ್. ಮೊದಲ ಸಲ ಪೂರ್ಣಾವಧಿಗೆ ಸೇರಿದವರಿಗೆ ಎರಡು ವರ್ಷ ಅದನ್ನೂ ಬಿಟ್ಟುಬಿಡುವ ಕಾಲೇಜುಗಳುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಾದರೆ ಊಟ ವಸತಿ ಬಿಟ್ಟು ಒಂದು ವರ್ಷಕ್ಕೇ ಸುಮಾರು 15 ಸಾವಿರ ಡಾಲರ್. ಮಾಡಿ ನೋಡಿದರೆ ನಾಚಿಕೆಗಿಂತ ನೆಮ್ಮದಿ ಕೊಡಬೇಕಾದ ಲೆಕ್ಕವಿದು. ಆದರೆ ಹಬ್ಬದೂಟದ ಸಾಲಿನಲ್ಲಿ ಯಾರೂ ಲೆಕ್ಕ ಮಾಡುವುದಿಲ್ಲ.

ಹುಡುಗ ದಡ್ಡನಾಗಿರಲಿಲ್ಲ. ತಂದೆ ತಿಪಟೂರಿನವರು, ವಿಮಾನಗಳಿಗೆ ಊಟ ಒದಗಿಸುವ ಕಂಪನಿಯೊಂದರಲ್ಲಿ ಮೇಲ್ವಿಚಾರಕರು. 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲಕ್ಕಿಳಿದಾಗ ಅವರ ಕೆಲಸವೂ ನೆಲಕ್ಕಿಳಿಯಿತು. ಹುಡುಗ ಹಗಲು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಕೇಳಿದ. ರಾತ್ರಿ ದಿನಸಿ ಅಂಗಡಿಯಲ್ಲಿ ಡಬ್ಬಿ ಜೋಡಿಸಿದ. ಹೈಸ್ಕೂಲಿನ ಕೊನೆಯ ಎರಡು ವರ್ಷದ ಅಂಕಗಳು ಜಾರಿದವು. ದೂರದ ಖಾಸಗಿ ವಿಶ್ವವಿದ್ಯಾನಿಲಯವೊಂದರಲ್ಲಿ ಸೀಟೇನೋ ಸಿಕ್ಕಿತು. ಆದರೆ ಪತ್ರದಲ್ಲಿದ್ದ ವರ್ಷದ ಖರ್ಚು 60 ಸಾವಿರ ಡಾಲರ್ ದಾಟಿತ್ತು. ತಂದೆ ಆ ಪತ್ರವನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಪ್ರೆಶರ್ ಕುಕ್ಕರಿನ ಗ್ಯಾರಂಟಿ ಕಾರ್ಡಿದ್ದ ಡ್ರಾಯರಿನೊಳಗೆ ಇಟ್ಟರು. ಆ ವಿಷಯ ಮತ್ತೆ ಮಾತಿಗೆ ಬರಲಿಲ್ಲ.

ಅದೇ ಡ್ರಾಯರಿನಲ್ಲಿ ಕ್ರೆಡಿಟ್ ಕಾರ್ಡಿನ ಬಿಲ್ಲುಗಳೂ ಇದ್ದವು. ಒಂದು ರಾತ್ರಿ ಹುಡುಗ ಅವನ್ನೆಲ್ಲ ಮೇಜಿನ ಮೇಲೆ ಹರಡಿ, ನೋಟ್‌ಪುಸ್ತಕದಲ್ಲಿ ಗೆರೆ ಎಳೆದು, ಯಾವುದಕ್ಕೆ ಎಷ್ಟು ಬಡ್ಡಿ, ಯಾವುದನ್ನು ಮೊದಲು ತೀರಿಸಿದರೆ ಎಷ್ಟು ಉಳಿತಾಯ ಎಂದು ಪಟ್ಟಿ ಮಾಡಿದ. ಅವನಿಗೆ ಆಗ ಹದಿನೇಳು ವರ್ಷ. ಬಡ್ಡಿಯೆಂಬುದು ಮನೆಯವರು ನಿದ್ದೆ ಮಾಡುವಾಗಲೂ ಎಚ್ಚರವಿರುತ್ತದೆ ಎಂಬುದು ಅವನಿಗೆ ಪಠ್ಯಪುಸ್ತಕದಿಂದ ತಿಳಿದದ್ದಲ್ಲ. ಹಣಕಾಸಿನ ವಿದ್ಯೆ ಕಲಿಯಬೇಕು, ದೊಡ್ಡ ಬ್ಯಾಂಕಿನಲ್ಲಿ ಕೆಲಸ ಮಾಡಬೇಕು ಎಂಬ ಹಟ ಹುಟ್ಟಿದ್ದು ಆ ಮೇಜಿನ ಮುಂದೆಯೇ.

2021ರಲ್ಲಿ ಅವನು ‘ಇಲ್ಲೇ ಹತ್ತಿರದ’ ಕಾಲೇಜು ಸೇರಿದ. ಸೇರಿದ ಮೇಲೆ ಗೊತ್ತಾದದ್ದೆಂದರೆ, ಮೆಟ್ಟಿಲಿದೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಹತ್ತುವಂತಿಲ್ಲ. ಇಲ್ಲಿಯ ಯಾವ ಪಾಠ ಅಲ್ಲಿಯ ಯಾವ ಪಾಠಕ್ಕೆ ಸಮ ಎಂಬುದಕ್ಕೆ ರಾಜ್ಯವೇ ಒಂದು ಪಟ್ಟಿ ಇಟ್ಟಿದೆ. ಅದಕ್ಕೆ ‘ಅಸಿಸ್ಟ್’ ಎಂದು ಹೆಸರು. ಕ್ಯಾಲ್ಕ್ಯುಲಸ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಎರಡು ಭಾಗ, ಲೆಕ್ಕಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಇವುಗಳಲ್ಲಿ ಬೇಕಾದ ಒಂದು ತಪ್ಪಿದರೆ ಒಂದು ವರ್ಷ ಹೋದಂತೆಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪದವಿಗೆ ಸೇರಿಸಿಕೊಳ್ಳುವ ಒಂಬತ್ತು ಕೇಂದ್ರಗಳಿವೆ. ಗೊತ್ತಾದ ಅಂಕ ತೆಗೆದವರಿಗೆ ಮುಂಚಿತವಾಗಿಯೇ ಸೀಟಿನ ಖಾತರಿ ಕೊಡುವವು ಅವುಗಳಲ್ಲಿ ಆರು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಆ ಆರರಲ್ಲಿ ಇಲ್ಲ. ಹುಡುಗ ಡೇವಿಸ್ ಕೇಂದ್ರದ ಖಾತರಿಯನ್ನು ಜೇಬಿಗೆ ಹಾಕಿಕೊಂಡು ಬರ್ಕ್ಲಿಗೆ ಅರ್ಜಿ ಬರೆದ.

ಬರ್ಕ್ಲಿಯಲ್ಲಿ ವಾಣಿಜ್ಯ ಶಿಕ್ಷಣಕ್ಕೆ ಹೆಸರಾದದ್ದು ಹಾಸ್ ಶಾಲೆ. 1898ರಲ್ಲಿ ಸ್ಥಾಪನೆಯಾದ ಅದು ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಮೊತ್ತಮೊದಲ ವಾಣಿಜ್ಯ ಶಾಲೆ. ಹೊರಗಿನ ಕಾಲೇಜಿನಿಂದ ಅಲ್ಲಿಗೆ ಅರ್ಜಿ ಹಾಕಿದ ನೂರರಲ್ಲಿ ಹತ್ತು ಮಂದಿಗೂ ಸೀಟು ದಕ್ಕುವುದಿಲ್ಲ. ಕಾಲೇಜಿನ ಸಲಹೆಗಾರರೊಂದಿಗೆ ಕೂತು ಯೋಚಿಸಿ ಹುಡುಗ ಅದನ್ನು ಬಿಟ್ಟು ಅರ್ಥಶಾಸ್ತ್ರವನ್ನು ಆರಿಸಿಕೊಂಡ. 2022ರ ನವೆಂಬರಿನ ಕೊನೆಯಲ್ಲಿ ಅರ್ಜಿ ಹೋಯಿತು.

ಡಿಸೆಂಬರಿನಲ್ಲಿ ತಿಪಟೂರಿನಿಂದ ತಾತ ಬಂದರು. ತಿಪಟೂರು ಕೊಬ್ಬರಿಗೆ ಹೆಸರಾದ ಊರು. ಅಲ್ಲಿಯ ಮಂಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು ಅವರು. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು. ಚಟ್ನಿಪುಡಿ, ಹುರಿಗಡಲೆ, ಕೊಬ್ಬರಿಗಳ ನಡುವೆ ಸುರುಳಿ ಸುತ್ತಿ ತಂದದ್ದು 2023ರ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಅಮೆರಿಕದ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ ಮೇಲೆಯೇ ಅವರು ಕಾಫಿ ಕುಡಿದದ್ದು.

ಹುಡುಗ ಆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕತೊಡಗಿದ. ಜನವರಿ 31, ಹೊಸ ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ತಿಳಿಸಬೇಕು. ಮಾರ್ಚ್ 2, ವಿದ್ಯಾರ್ಥಿವೇತನದ ಅರ್ಜಿ. ಏಪ್ರಿಲ್ ಕೊನೆ, ಫಲಿತಾಂಶ. ಜೂನ್ 1, ಸೇರುವೆನೆಂದು ಒಪ್ಪಿಗೆ ಕೊಡುವ ಕೊನೆಯ ದಿನ.

“ಇದೇನೋ ಮಗಾ, ಹಬ್ಬ ಇಲ್ಲದ ದಿನಕ್ಕೆಲ್ಲ ಸುತ್ತು ಹಾಕಿದೀಯ?”

“ಅವತ್ತು ಫಾರಂ ಕಳಿಸೋ ಕೊನೇ ದಿನ ತಾತ.”

“ಗುರುವಾರ ಬರುತ್ತೆ. ಒಂದೂವರೆಯಿಂದ ಮೂರು ರಾಹುಕಾಲ. ಆಗ ಕಳಿಸಬೇಡ.”

“ಇಲ್ಲಿಯ ಒಂದೂವರೆನೋ ತಿಪಟೂರಿನ ಒಂದೂವರೆನೋ?”

ತಾತ ನಿರುತ್ತರರಾದರು. ಮಾರನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಬಂದು ತೀರ್ಪು ಕೊಟ್ಟರು. “ರಾಹುಕಾಲ ಎಣಿಸೋದು ಸೂರ್ಯ ಹುಟ್ಟಿದ ಹೊತ್ತಿನಿಂದ. ಕ್ಯಾಲೆಂಡರು ಅಚ್ಚಾದ ಊರಿನ ಸೂರ್ಯ ಅಲ್ಲ, ನೀನು ನಿಂತಿರೋ ಊರಿನ ಸೂರ್ಯ.” ಹುಡುಗ ನಕ್ಕ. ಅರ್ಜಿಯನ್ನು ಬುಧವಾರ ರಾತ್ರಿಯೇ ಕಳಿಸಿಬಿಟ್ಟ.

ಆ ಮಾರ್ಚ್ ತಿಂಗಳಿನಲ್ಲೇ ಇನ್ನೊಂದು ಘಟನೆ ನಡೆಯಿತು. ಫ್ರೀಮಾಂಟಿನಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಸಾಂಟಾ ಕ್ಲಾರಾದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮುಖ್ಯ ಕಚೇರಿ. 2023ರ ಮಾರ್ಚ್ 9ರಂದು ಒಂದೇ ದಿನದಲ್ಲಿ ಠೇವಣಿದಾರರು 42 ಶತಕೋಟಿ ಡಾಲರ್ ಹಿಂದೆಗೆದರು. ಮಾರನೆಯ ದಿನ, ಶುಕ್ರವಾರ, ಸರ್ಕಾರದವರು ಬಂದು ಬ್ಯಾಂಕನ್ನು ಮುಚ್ಚಿದರು. ಆ ಬ್ಯಾಂಕು ಕಳ್ಳಸಾಲ ಕೊಟ್ಟಿರಲಿಲ್ಲ. ಬಡ್ಡಿದರ ತಳದಲ್ಲಿದ್ದಾಗ ಠೇವಣಿಯ ಹಣವನ್ನು ದೀರ್ಘಾವಧಿಯ ಸರ್ಕಾರಿ ಬಾಂಡುಗಳಲ್ಲಿ ತೊಡಗಿಸಿತ್ತು, ಅಷ್ಟೆ. 2022ರ ಮಾರ್ಚಿನಿಂದ ಬಡ್ಡಿದರ ಏರತೊಡಗಿದಾಗ ಆ ಬಾಂಡುಗಳ ಬೆಲೆ ಇಳಿಯಿತು.

ಹುಡುಗನ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳುತ್ತಿದ್ದ ಮೇಡಂ ಹಗಲು ಆಡಿಟರ್ ಕೆಲಸ, ಸಂಜೆ ಪಾಠ ಮಾಡುವವರು. ಮುಂದಿನ ವಾರದ ತರಗತಿಯಲ್ಲಿ ಅವರು ಪಠ್ಯಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ಬರೆದರು: ಸಾವಿರ ಡಾಲರಿನ ಬಾಂಡು, ವರ್ಷಕ್ಕೆ 15 ಡಾಲರ್ ಬಡ್ಡಿ, ಹತ್ತು ವರ್ಷ. ಹೊರಗೆ ಇವತ್ತು ಹೊಸ ಬಾಂಡು ಸಾವಿರಕ್ಕೆ 40 ಡಾಲರ್ ಕೊಡುತ್ತಿದೆ. ನಿಮ್ಮ ಹಳೆಯ ಬಾಂಡನ್ನು ಯಾರು ಸಾವಿರಕ್ಕೆ ಕೊಳ್ಳುತ್ತಾರೆ? ತರಗತಿಯಲ್ಲಿ ಲಾರಿ ಚಾಲಕನಿದ್ದ, ರಾತ್ರಿ ಪಾಳಿಯ ನರ್ಸ್ ಇದ್ದಳು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿ ಇದ್ದಳು. ಎಲ್ಲರೂ ಸೇರಿ ಲೆಕ್ಕ ಮಾಡಿದರು. ಸುಮಾರು 797 ಡಾಲರ್. ತಕ್ಕಡಿಯ ಒಂದು ತಟ್ಟೆ ಮೇಲೇರಿದರೆ ಇನ್ನೊಂದು ಕೆಳಗಿಳಿಯುವಂತೆ, ಬಡ್ಡಿ ಏರಿದರೆ ಬಾಂಡಿನ ಬೆಲೆ ಇಳಿಯಲೇಬೇಕು. ಹತ್ತು ವರ್ಷ ಕಾದರೆ ಸಾವಿರ ಪೂರ್ತಿ ಬರುತ್ತದೆ ನಿಜ. ಆದರೆ ಠೇವಣಿದಾರ ನಾಳೆಯೇ ಬಂದು ಕೇಳಿದರೆ?

ಮನೆಗೆ ಬಂದು ಹುಡುಗ ಇದನ್ನು ತಾತನಿಗೆ ವಿವರಿಸಿದ. ತಾತನಿಗೆ ಬಾಂಡು ಗೊತ್ತಿಲ್ಲ, ಕೊಬ್ಬರಿ ಗೊತ್ತು. “ನಮ್ಮ ಮಂಡಿ ಪಕ್ಕದಲ್ಲಿ ಒಬ್ಬ ವ್ಯಾಪಾರಿ ಹಿಂಗೇ ಹೋದ ಕಣೋ. ರೇಟು ಮೇಲಿದ್ದಾಗ ಸಾಲ ತಂದು ಗೋದಾಮು ತುಂಬಿಸಿದ. ರೇಟು ಬಿತ್ತು. ಮಾಲು ಗೋದಾಮಿನಲ್ಲಿ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಆದರೆ ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಗೋದಾಮು ನೋಡಲ್ಲ, ಗಲ್ಲಾ ನೋಡ್ತಾನೆ.”

ಹುಡುಗ ಈ ಮಾತನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಹೆಸರಾಂತ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆ ವಾರ ಇದನ್ನೇ ಹೇಳಿರಬೇಕು. ಹೇಳಿದ ಸಂಗತಿ ಬೇರೆಯಲ್ಲ, ಹೇಳಿದ ಕಟ್ಟಡ ಬೇರೆ.

ಏಪ್ರಿಲ್ ಕೊನೆಯಲ್ಲಿ ಬರ್ಕ್ಲಿಯ ಸೀಟು ಬಂತು. ತಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ತಂದೆ ಏನೂ ಹೇಳದೆ ಹೊರಗೆ ಹೋಗಿ ಕಾರು ತೊಳೆದರು. ತಾತ ಕೇಳಿದ್ದು ಒಂದೇ ಪ್ರಶ್ನೆ: “ಬಾಡಿಗೆ ಎಷ್ಟಂತೆ?” ಬಾಡಿಗೆ ಕೇಳಿದ ಮೇಲೆ ಮನೆಯಿಂದಲೇ ಓಡಾಡುವುದೆಂದು ತೀರ್ಮಾನವಾಯಿತು. ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿದರೆ ಬದಲಾಯಿಸದೆ ಬರ್ಕ್ಲಿಯಲ್ಲಿ ಇಳಿಯಬಹುದು.

ಕಥೆ ಇಲ್ಲಿಗೆ ಮುಗಿದಿದ್ದರೆ ಶುಭಂ ಎಂದು ಬರೆಯಬಹುದಿತ್ತು.

2023ರ ಆಗಸ್ಟಿನಲ್ಲಿ ತರಗತಿಗಳು ಶುರುವಾದವು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ದುಡಿದು ಗಳಿಸಿದ ಅಂಕಗಳ ಸರಾಸರಿ ಹೊಸ ಜಾಗದಲ್ಲಿ ಲೆಕ್ಕಕ್ಕಿಲ್ಲ. ಪಾಠಗಳು ಜಮೆಯಾಗುತ್ತವೆ, ಸರಾಸರಿ ಮಾತ್ರ ಸೊನ್ನೆಯಿಂದ ಆರಂಭ. ಅದನ್ನು ಅವನು ನಿರೀಕ್ಷಿಸಿದ್ದ. ನಿರೀಕ್ಷಿಸದೇ ಇದ್ದದ್ದು ಸೆಪ್ಟೆಂಬರಿನಲ್ಲಿ ಎದುರಾಯಿತು. ಉದ್ಯೋಗ ಮೇಳದಲ್ಲಿ ದೊಡ್ಡ ಬ್ಯಾಂಕೊಂದರ ಮಳಿಗೆಯ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಧ ಗಂಟೆ ಸಾಲಿನಲ್ಲಿ ನಿಂತು, ಮುಂದಿನ ಬೇಸಿಗೆಯ ತರಬೇತಿ ಕೆಲಸದ ಬಗ್ಗೆ ಕೇಳಿದ. ಮಳಿಗೆಯಲ್ಲಿದ್ದ ಯುವಕ ಸಭ್ಯವಾಗಿಯೇ ಹೇಳಿದ: “ಅದು ತುಂಬಿಹೋಗಿದೆ. ನಾವು ಈಗ ನೋಡುತ್ತಿರುವುದು ಎರಡನೇ ವರ್ಷದವರನ್ನು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಹೂಡಿಕೆ ಬ್ಯಾಂಕುಗಳಲ್ಲಿ ಪದವೀಧರರಿಗೆ ಸಿಗುವ ಮೊದಲ ಕೆಲಸಕ್ಕೆ ‘ಅನಲಿಸ್ಟ್’ ಎಂದು ಹೆಸರು. ವಾರಕ್ಕೆ ಎಂಬತ್ತು ಗಂಟೆ ದುಡಿತ, ಲಕ್ಷ ಡಾಲರ್ ದಾಟುವ ಮೂಲವೇತನ. ಈ ಕೆಲಸಕ್ಕೆ ಬಹುಪಾಲು ಆಯ್ಕೆಯಾಗುವವರು ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಅದೇ ಬ್ಯಾಂಕಿನಲ್ಲಿ ಸುಮಾರು ಹತ್ತು ವಾರ ತರಬೇತಿ ಪಡೆದವರೇ. ಆ ತರಬೇತಿಗೆ ಅರ್ಜಿ ಕರೆಯುವುದು ಒಂದು ವರ್ಷಕ್ಕೂ ಮುಂಚೆ, ಅಂದರೆ ವಿದ್ಯಾರ್ಥಿ ಎರಡನೇ ವರ್ಷದಲ್ಲಿರುವಾಗ. ಬ್ಯಾಂಕುಗಳು ಹುಡುಕಿಕೊಂಡು ಹೋಗುವುದೂ ಕೆಲವೇ ಆಯ್ದ ವಿಶ್ವವಿದ್ಯಾನಿಲಯಗಳಿಗೆ. ಬರ್ಕ್ಲಿಗೆ ನೇರವಾಗಿ ಸೇರಿದವರು ಮೊದಲ ವರ್ಷದಲ್ಲೇ ಹಣಕಾಸಿನ ವಿದ್ಯಾರ್ಥಿ ಕ್ಲಬ್ಬುಗಳಿಗೆ ಸೇರಿ, ಹಿರಿಯರಿಂದ ದಿನಾಂಕ ತಿಳಿದು, ಸಂದರ್ಶನ ಅಭ್ಯಾಸ ಮಾಡಿ, 2023ರ ಮೊದಲ ತಿಂಗಳುಗಳಲ್ಲೇ ಅರ್ಜಿ ಹಾಕಿದ್ದರು. ಆ ತಿಂಗಳುಗಳಲ್ಲಿ ನಮ್ಮ ಹುಡುಗ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ ಕೆಂಪು ಸುತ್ತು ಹಾಕುತ್ತಿದ್ದ. ಒಂದು ಸುತ್ತೂ ತಪ್ಪಿರಲಿಲ್ಲ. ಆದರೆ ಸುತ್ತು ಹಾಕಬೇಕಾದ ಇನ್ನೊಂದು ಕ್ಯಾಲೆಂಡರು ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಬಂದು ಒಂದು ತಿಂಗಳಾಗಿಲ್ಲ. ಮುಗಿದೇ ಹೋಯ್ತು ಅಂದ್ರೆ ಏನಪ್ಪಾ ಅರ್ಥ?” ಎಂದು ತಂದೆ ಕೇಳಿದರು. ಮಗ ಅರ್ಥ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇದರಲ್ಲಿ ಯಾರ ಕೇಡುಬುದ್ಧಿಯೂ ಇಲ್ಲ ಎಂಬುದೇ ಬೇಸರದ ಸಂಗತಿ. ರೈಲಿನ ವೇಳಾಪಟ್ಟಿ ಬರೆದವನಿಗೆ ಬಸ್ಸಿನಲ್ಲಿ ಬರುವವರ ಮೇಲೆ ದ್ವೇಷವೇನಿಲ್ಲ. ಬಸ್ಸಿನಲ್ಲಿ ಬರುವವರೂ ಇದ್ದಾರೆಂಬುದು ಅವನ ನೆನಪಿಗೆ ಬರಲಿಲ್ಲ, ಅಷ್ಟೆ. ಬ್ಯಾಂಕುಗಳು ಒಂದಕ್ಕಿಂತ ಒಂದು ಮೊದಲು ಒಳ್ಳೆಯ ಹುಡುಗರನ್ನು ಹಿಡಿಯಬೇಕೆಂದು ವರ್ಷದಿಂದ ವರ್ಷಕ್ಕೆ ದಿನಾಂಕವನ್ನು ಹಿಂದಕ್ಕೆ ಎಳೆದವು. ಎಳೆದಂತೆಲ್ಲ ಮೂರನೇ ವರ್ಷಕ್ಕೆ ಬಂದು ಸೇರುವವರು ನಿಲ್ದಾಣ ತಲುಪುವ ಹೊತ್ತಿಗೆ ರೈಲು ಹೊರಟಿರುತ್ತದೆ. ವಿಶ್ವವಿದ್ಯಾನಿಲಯದ ಬಾಗಿಲು ತೆರೆದವರ ಉದ್ದೇಶ ಒಳ್ಳೆಯದೇ. ಆ ಬಾಗಿಲಾಚೆ ಇನ್ನೊಂದು ಬಾಗಿಲಿದೆ, ಅದು ಇದಕ್ಕಿಂತ ಮೊದಲೇ ಮುಚ್ಚುತ್ತದೆ ಎಂಬುದು ಮಾತ್ರ ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಅಪ್ಪನೋ ಚಿಕ್ಕಪ್ಪನೋ ಬ್ಯಾಂಕಿನಲ್ಲಿರುವ ಮನೆಗಳಲ್ಲಿ ಅದು ರಾತ್ರಿ ಊಟದ ಮಾತಿನಲ್ಲೇ ಮಕ್ಕಳ ಕಿವಿಗೆ ಬೀಳುತ್ತದೆ. ಉಳಿದವರು ಮಳಿಗೆಯ ಮುಂದೆ ನಿಂತು ತಿಳಿದುಕೊಳ್ಳುತ್ತಾರೆ.

ದಾರಿಗಳು ಪೂರ್ತಿ ಮುಚ್ಚಿರುವುದಿಲ್ಲ. ಪದವಿಯನ್ನು ಬೇಕೆಂದೇ ಮುಂದಕ್ಕೆ ಹಾಕಿ, ಇನ್ನೊಂದು ಬೇಸಿಗೆ ಗಳಿಸಿಕೊಂಡು ಮತ್ತೆ ಪ್ರಯತ್ನಿಸುವವರು ಉಂಟು. ಹುಡುಗನ ಮನೆಯಲ್ಲಿ ಆ ಲೆಕ್ಕವನ್ನೂ ಮಾಡಿದರು. ಹೆಚ್ಚಿನ ಶುಲ್ಕ, ತಡವಾಗುವ ಸಂಬಳ, ತಂದೆಯ ಹಳೆಯ ಸಾಲದ ಕೊನೆಯ ಕಂತುಗಳು. ಕೂಡಿ ಕಳೆದು ನೋಡಿದರೆ ಒಗ್ಗಲಿಲ್ಲ. ಹುಡುಗ ದೊಡ್ಡ ಬ್ಯಾಂಕುಗಳನ್ನು ಬಿಟ್ಟು ಮಧ್ಯಮ ಗಾತ್ರದ, ಅಕ್ಕಪಕ್ಕದ ಊರುಗಳ ಉದ್ದಿಮೆಗಳಿಗೆ ಸಾಲ ಕೊಡುವ ಬ್ಯಾಂಕುಗಳಿಗೆ ಬರೆಯತೊಡಗಿದ. ಅವುಗಳ ಆಯ್ಕೆ ಅಷ್ಟು ಮುಂಚೆ ಮುಗಿಯುವುದಿಲ್ಲ. ತನ್ನಂತೆ ಕಮ್ಯುನಿಟಿ ಕಾಲೇಜಿನಿಂದ ಬಂದು ಮುಂದೆ ಹೋದ ಹಳೆಯ ವಿದ್ಯಾರ್ಥಿಗಳಿಗೂ ಒಬ್ಬೊಬ್ಬರಿಗೇ ಪತ್ರ ಬರೆದ. ಹೆಚ್ಚಿನವರು ಉತ್ತರಿಸಲಿಲ್ಲ. ಉತ್ತರಿಸಿದವರು ಇಪ್ಪತ್ತು ನಿಮಿಷ ಕೊಟ್ಟರು. ಆ ಇಪ್ಪತ್ತು ನಿಮಿಷಗಳಲ್ಲಿ ಕಲಿತದ್ದು ಯಾವ ತರಗತಿಯಲ್ಲೂ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ಒಂದು ಸಂದರ್ಶನ ಸಿಕ್ಕಿತು. ಎದುರು ಕುಳಿತ ಮಹಿಳೆ ಕೇಳಿದ್ದು ಹಣಕಾಸಿನ ಸಂದರ್ಶನಗಳಲ್ಲಿ ಹಳೆಯದಾಗಿ ಹೋಗಿರುವ ಪ್ರಶ್ನೆ. ಯಂತ್ರದ ಸವಕಳಿಯನ್ನು ನೂರು ಡಾಲರ್ ಹೆಚ್ಚು ಬರೆದರೆ ಕಂಪನಿಯ ಲೆಕ್ಕದಲ್ಲಿ ಏನೇನಾಗುತ್ತದೆ? ಹುಡುಗ ಕಣ್ಣು ಮುಚ್ಚಿ ತಾತನ ಊರಿನ ಎಣ್ಣೆ ಗಾಣವನ್ನು ನೆನೆದ. ಸವಕಳಿ ನೂರು ಹೆಚ್ಚಿದರೆ ತೆರಿಗೆಗೆ ಮುಂಚಿನ ಲಾಭ ನೂರು ಕಡಿಮೆ. ತೆರಿಗೆ ನೂರಕ್ಕೆ 25 ಎಂದುಕೊಂಡರೆ ಕೊಡಬೇಕಾದ ತೆರಿಗೆಯಲ್ಲಿ 25 ಉಳಿತಾಯ, ನಿವ್ವಳ ಲಾಭ 75 ಕಡಿಮೆ. ಆದರೆ ಸವಕಳಿಗೆಂದು ಗಲ್ಲಾದಿಂದ ಯಾರೂ ಹಣ ಎತ್ತಿಲ್ಲ. ಹಾಗಾಗಿ ರೊಕ್ಕ 25 ಹೆಚ್ಚಾಗಿದೆ. ಯಂತ್ರದ ಬೆಲೆ ನೂರು ಇಳಿದು, ನಗದು 25 ಏರಿ, ಆಸ್ತಿ ಒಟ್ಟು 75 ಕಡಿಮೆ. ಮಾಲೀಕನ ಪಾಲೂ 75 ಕಡಿಮೆ. ತಕ್ಕಡಿ ಸಮ. ಲಾಭ ಇಳಿದಾಗ ಗಲ್ಲಾ ತುಂಬಬಹುದು, ಲಾಭ ಇದ್ದಾಗಲೂ ಗಲ್ಲಾ ಬರಿದಾಗಬಹುದು. ಆಕೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಯಾವ ಕಾಲೇಜಿನಲ್ಲಿ ಲೆಕ್ಕ ಕಲಿತೆ ಎಂದು ಕೇಳಲಿಲ್ಲ.

ಆ ಬೇಸಿಗೆ ಅಲ್ಲಿ ತರಬೇತಿ, 2025ರ ಮೇ ತಿಂಗಳಲ್ಲಿ ಪದವಿ, ಮರುತಿಂಗಳು ಅದೇ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ. ಮೊದಲು ಕೈಗೆ ಬಂದ ಕಡತ ಬಾದಾಮಿ ಸುಲಿಯುವ ಕಾರ್ಖಾನೆಯೊಂದರದು. ತಾತನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಬಂದ ಮೊದಲ ಮಾತು: “ಗೋದಾಮು ನೋಡಿ ಮರುಳಾಗಬೇಡ.”

ದೊಡ್ಡ ಬ್ಯಾಂಕಿನ ಸಂಬಳ ಇಲ್ಲಿಲ್ಲ. ಆ ನೋವು ಅವನಿಗಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಆ ಗಾಜಿನ ಕಟ್ಟಡಗಳ ಮುಂದೆ ಅವನ ಹೆಜ್ಜೆ ಈಗಲೂ ಸ್ವಲ್ಪ ನಿಧಾನವಾಗುತ್ತದೆ.

ಅವನು ಇಲ್ಲಿಗೆ ಬಂದದ್ದೇ ಅಪರೂಪ ಎಂಬುದನ್ನೂ ಮರೆಯಬಾರದು. ಅಮೆರಿಕದ ಕಮ್ಯುನಿಟಿ ಕಾಲೇಜು ಸೇರುವ ನೂರು ಜನರಲ್ಲಿ ಸುಮಾರು ಎಂಬತ್ತು ಜನಕ್ಕೆ ಮುಂದೆ ನಾಲ್ಕು ವರ್ಷದ ಪದವಿ ಪಡೆಯುವ ಆಸೆ. ನಿಜವಾಗಿ ಮೇಲಿನ ಅಂತಸ್ತಿಗೆ ಹೋಗುವವರು ಮೂರನೇ ಒಂದು ಭಾಗದಷ್ಟು. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ನೂರರಲ್ಲಿ ಸುಮಾರು 16 ಜನಕ್ಕೆ. ಉಳಿದವರ ಬುದ್ಧಿ ಕಡಿಮೆ ಎನ್ನುವುದು ಸುಲಭ. ಅವರಲ್ಲಿ ಎಷ್ಟು ಜನ ರಾತ್ರಿ ಡಬ್ಬಿ ಜೋಡಿಸುತ್ತಿದ್ದಾರೆ, ಎಷ್ಟು ಜನ ಲೆಕ್ಕಕ್ಕೆ ಬಾರದ ಪಾಠಗಳನ್ನು ಓದಿ ವರ್ಷ ಕಳೆದುಕೊಂಡಿದ್ದಾರೆ ಎಂದು ವಿಚಾರಿಸುವುದು ಕಷ್ಟ. ಹೆಸರಾಂತ ಬಾಗಿಲುಗಳೂ ಮೆಲ್ಲಗೆ ಸಡಿಲವಾಗುತ್ತಿವೆ. 1990ರಿಂದ ಬೇರೆ ಕಾಲೇಜಿನವರನ್ನು ನಡುವೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದ ಪ್ರಿನ್ಸ್‌ಟನ್ 2018ರಲ್ಲಿ ಮತ್ತೆ ಸೇರಿಸಿಕೊಳ್ಳತೊಡಗಿತು. ಕಟ್ಟಡದ ಹೆಸರೇ ಎಲ್ಲವೂ ಅಲ್ಲ ಎನ್ನುವುದಕ್ಕೆ ವಾರನ್ ಬಫೆಟ್ ಅವರ ಉದಾಹರಣೆಯೂ ಉಂಟು. ಅವರು ಪೆನ್ಸಿಲ್ವೇನಿಯಾದ ಹೆಸರಾಂತ ವಾರ್ಟನ್ ಶಾಲೆಯಲ್ಲಿ ಎರಡು ವರ್ಷ ಓದಿ, ಅಲ್ಲಿಂದ ತಮ್ಮ ರಾಜ್ಯದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯಕ್ಕೆ ಬಂದು ಪದವಿ ಮುಗಿಸಿದವರು. ಅವರದೂ ಟ್ರಾನ್ಸ್‌ಫರೇ, ದಿಕ್ಕು ಮಾತ್ರ ಬೇರೆ.

2025ರ ಸೆಪ್ಟೆಂಬರಿನ ಒಂದು ಸಂಜೆ ಹುಡುಗ ತನ್ನ ಹಳೆಯ ಕಮ್ಯುನಿಟಿ ಕಾಲೇಜಿಗೆ ಹೋದ. ಲೆಕ್ಕಶಾಸ್ತ್ರದ ಮೇಡಂ ತರಗತಿಯ ಕೊನೆಯ ಅರ್ಧ ಗಂಟೆ ಬಿಟ್ಟುಕೊಟ್ಟರು. ಅವನು ಭಾಷಣ ಮಾಡಲಿಲ್ಲ. ಬೋರ್ಡಿನ ಮೇಲೆ ಇಪ್ಪತ್ತನಾಲ್ಕು ತಿಂಗಳ ಪಟ್ಟಿ ಎಳೆದ. ಎಡಗಡೆ ವಿಶ್ವವಿದ್ಯಾನಿಲಯದ ದಿನಾಂಕಗಳು, ಬಲಗಡೆ ಬ್ಯಾಂಕುಗಳ ದಿನಾಂಕಗಳು. ಬಲಗಡೆಯ ಮೊದಲ ಸಾಲು ಶುರುವಾಗುವುದು ಮೇಲಿನ ಅಂತಸ್ತಿಗೆ ಹೋದ ಮೇಲಲ್ಲ, ಇಲ್ಲೇ, ಈ ಕೋಣೆಯಲ್ಲಿ, ಮೊದಲ ವರ್ಷದಲ್ಲೇ ಎಂದು ಅಡಿಗೆರೆ ಹಾಕಿ ತೋರಿಸಿದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, ಈಗಾಗಲೇ ಎರಡು ಸಾಲು ತಪ್ಪಿಸಿಕೊಂಡವರು ಏನು ಮಾಡಬೇಕು? ಹುಡುಗನಿಗೆ ತಾತನ ರಾಹುಕಾಲ ನೆನಪಾಯಿತು. ಪಟ್ಟಿ ಅಚ್ಚಾದ ಊರಿನಿಂದಲ್ಲ, ನೀವು ನಿಂತಿರುವ ಜಾಗದಿಂದ ಎಣಿಸಿ ಎಂದ. ಬಲಗಡೆಯ ಸಾಲಿನಲ್ಲಿ ಇನ್ನೂ ಮುಚ್ಚದ ಬಾಗಿಲುಗಳಿಗೆ ಗುರುತು ಹಾಕಿ ಕೊಟ್ಟ.

ನವೆಂಬರಿನ ರಾಜ್ಯೋತ್ಸವದ ಊಟಕ್ಕೆ ಮನೆಯವರೆಲ್ಲ ಹೋಗಿದ್ದರು. ಬಿಸಿಬೇಳೆಬಾತಿನ ಮುಂದೆ ಅದೇ ಪ್ರಶ್ನೆ, ಕ್ರಿಯಾಪದ ಮಾತ್ರ ಬದಲಾಗಿತ್ತು. “ಮಗ ಎಲ್ಲಿ ಓದಿದ್ದು?”

ತಾಯಿ ಈ ಸಲ ಜಾಗ ಖಾಲಿ ಬಿಡಲಿಲ್ಲ. ಮೊದಲು ಕಮ್ಯುನಿಟಿ ಕಾಲೇಜಿನ ಹೆಸರನ್ನು ಪೂರ್ತಿಯಾಗಿ ಹೇಳಿ, “ಅಲ್ಲಿ ಎರಡು ವರ್ಷ, ಆಮೇಲೆ ಬರ್ಕ್ಲಿ” ಎಂದರು. ಕೇಳಿದಾಕೆಗೆ ಕೇಳಿಸಿದ್ದು ಎರಡನೆಯದು ಮಾತ್ರ. “ಓಹೋ ಬರ್ಕ್ಲೀನಾ!” ಎಂದು ಹಿಗ್ಗಿ ತಟ್ಟೆ ಹಿಡಿದು ಮುಂದೆ ನಡೆದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ಇನ್ನೊಬ್ಬ ತಾಯಿ ಒಂದು ಕ್ಷಣ ತಡೆದರು. ಅತ್ತಿತ್ತ ನೋಡಿ, ಮೊಳಕೈಯನ್ನು ಮೆಲ್ಲಗೆ ಮುಟ್ಟಿ, ಬೇರೆಯವರಿಗೆ ಕೇಳಿಸದಂತೆ ಕೇಳಿದರು:

“ಅಕ್ಕಾ, ಆ ಮೊದಲನೇ ಕಾಲೇಜಿನ ಹೆಸರು ಏನಂದ್ರಿ?”